ದೆವ್ವವಿಲ್ಲದ ಚಿತ್ರ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ದೆವ್ವದ ಸಿನಿಮಾಗಳಿಂದಲೇ ನಾನು ಹೆಸರು ಮಾಡಿದೆ. ಈಗ ಅವು ಸಾಕಾಗಿವೆ. ಬೇರೆ ಕತೆ ಹೇಳಹೊರಟರೆ ಜನ ನೋಡುವುದಿಲ್ಲ. ಇದರಿಂದ ಹೊರಗೆ ಬರುವುದು ಹೇಗೆ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ನಿರ್ದೇಶಕನಿದ್ದ. ಅವನದೂ ನಿನ್ನದೇ ಕಸುಬು. ಕತ್ತಲು ಕೋಣೆ, ಕಿರುಗುಟ್ಟುವ ಬಾಗಿಲು, ಬಿಳಿ ಸೀರೆ ಇವುಗಳ ನಡುವೆಯೇ ಅವನ ತಲೆ ನೆರೆಯಿತು. ದೆವ್ವದ ಪಾತ್ರಕ್ಕೆ ಬಣ್ಣ ಬಳಿಯುವಾಗ ಅವನು ಆಕಳಿಸುತ್ತಿದ್ದ. ಜನ ಚೀರಿದರೆ ಸಂತೋಷವಾಗುತ್ತಿರಲಿಲ್ಲ, ಚೀರದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಒಂದು ದಿನ ಅವನು ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಸ ಚಿತ್ರದ ಚೀರಾಟಗಳನ್ನು ಜೋಡಿಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ ಕರೆದದ್ದು ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದಾಗ ನೀರಿನ ಚೊಂಬಿನತ್ತ ಕೈ ಚಾಚಿದಂತೆಯೇ ಅವಳ ಉಸಿರು ನಿಂತಿತ್ತು.

ಆ ಕೈ ಅವನನ್ನು ಬಿಡಲಿಲ್ಲ. ಮುಂದಿನ ಚಿತ್ರವನ್ನು ಅದರ ಮೇಲೆಯೇ ಮಾಡಿದ. ಅದರಲ್ಲಿ ದೆವ್ವವಿರಲಿಲ್ಲ.

ಮೊದಲ ದಿನ ಮಧ್ಯಾಹ್ನದ ಆಟಕ್ಕೆ ಅವನೂ ಜನರ ನಡುವೆ ಕುಳಿತ. ತೆರೆಯ ಮೇಲೆ ಹಾಸಿಗೆ ಹಿಡಿದ ಮುದುಕಿ ನೀರಿನ ಚೊಂಬಿನತ್ತ ಮೆಲ್ಲಗೆ ಕೈ ಚಾಚಿದಳು. ಅವನ ಹೆಸರು ನೋಡಿ ಬಂದವರು ಉಸಿರು ಬಿಗಿಹಿಡಿದರು. ಯಾರೋ ಒಬ್ಬ ಕಿಟಾರನೆ ಕಿರುಚಿದ. ಉಳಿದವರು ನಕ್ಕರು. ಕಾದರೂ ದೆವ್ವ ಬಾರದಿದ್ದಾಗ ಒಬ್ಬೊಬ್ಬರಾಗಿ ಎದ್ದು ಹೊರಟರು. ಅವನೂ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಹೆಂಗಸೊಬ್ಬಳು ಅವಸರದಿಂದ ಮೆಟ್ಟಿಲಿಳಿದು ಬಂದಳು.

“ಯಾಕಮ್ಮ, ಅರ್ಧಕ್ಕೇ ಎದ್ದು ಬಂದಿರಿ? ಬೇಸರವಾಯಿತೇ?” ಎಂದು ಕೇಳಿದ.

“ಇಲ್ಲಣ್ಣ. ನಮ್ಮ ಅತ್ತೆಯೂ ಆ ಮುದುಕಿಯ ಹಾಗೇ ಮಲಗಿದ್ದಾರೆ. ಬರುವಾಗ ನೀರು ಕೇಳಿದರು. ಕೇಳಿಸದವಳ ಹಾಗೆ ಬಾಗಿಲೆಳೆದುಕೊಂಡು ಬಂದುಬಿಟ್ಟೆ. ಇನ್ನು ಕೂರುವುದಕ್ಕೆ ಆಗುವುದಿಲ್ಲ.”

ಅವಳು ಆಟೊ ನಿಲ್ಲಿಸಿ ಹೊರಟುಹೋದಳು. ಇನ್ನೊಂದು ಕುರ್ಚಿ ಖಾಲಿಯಾಯಿತು ಎಂದಷ್ಟೇ ಅವನಿಗೆ ಅನ್ನಿಸಿತು. ವಾರ ತುಂಬುವ ಮೊದಲೇ ಚಿತ್ರವನ್ನು ತೆಗೆದುಹಾಕಿದರು. ಅವನು ಮತ್ತೆ ದೆವ್ವದ ಕತೆ ಬರೆಯಲು ಕುಳಿತ.

ಶಿಷ್ಯ ನಿಟ್ಟುಸಿರುಬಿಟ್ಟು, “ಕೊನೆಗೆ ಅವನ ಚಿತ್ರವೂ ಓಡಲಿಲ್ಲ” ಎಂದ.

ಗುರುಗಳು ಹೇಳಿದರು: “ಆ ಮಧ್ಯಾಹ್ನ ಒಂದು ಮನೆಯಲ್ಲಿ ನೀರು ಕೇಳಿದವಳಿಗೆ ನೀರು ಸಿಕ್ಕಿತು. ಆ ಚಿತ್ರ ಇನ್ನೆಷ್ಟು ಓಡಬೇಕಿತ್ತು?”