ಚಳಿಗಾಲದ ಚಹಾ

"ಗುರುಗಳೇ, ಪಾಠ ಹೆಚ್ಚಿಸಲೇ, ನಿಲ್ಲಿಸಿಬಿಡಲೇ?" ಎಂದು ಶಿಷ್ಯೆ ಮಂದಾಕಿನಿ ಕೇಳಿದಳು. "ಮಗಳಿಗೆ ಬೆಳಿಗ್ಗೆ ಸಂಜೆ ನಾನೇ ಸಂಗೀತ ಹೇಳಿಕೊಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಆದರೂ ಅವಳ ದನಿಯಲ್ಲಿ ಮೊದಲಿನ ಸೊಗಸಿಲ್ಲವೆಂದು ನಾಲ್ಕು ಜನ ಹೇಳುತ್ತಿದ್ದಾರೆ. ಮೊನ್ನೆ ಅವಳು, ಇನ್ನು ತಂಬೂರಿ ಮುಟ್ಟುವುದಿಲ್ಲ ಎಂದುಬಿಟ್ಟಳು."

ಗುರುಗಳು ಒಂದು ಕತೆ ಹೇಳಿದರು.

ನೀಲಗಿರಿಯಲ್ಲಿ ಒಬ್ಬ ರೈತನಿಗೆ ಚಹಾ ತೋಟವಿತ್ತು. ಎಲೆಯನ್ನು ತಾನೇ ಬಾಡಿಸಿ, ಹೊಸೆದು, ಒಣಗಿಸುತ್ತಿದ್ದ. ಮಳೆಗಾಲದಲ್ಲಿ ಅವನ ಗಿಡಗಳು ಎಲ್ಲರ ಗಿಡಗಳಂತೆಯೇ ಚಿಗುರುತ್ತಿದ್ದವು. ಚಳಿ ಬಿದ್ದು ಒಣಗಾಳಿ ಬೀಸಿದಾಗ ಚಿಗುರು ನಿಧಾನವಾಗುತ್ತಿತ್ತು. ಆಗ ಸಿಗುವ ಎಲೆ ಕಡಿಮೆ, ಚಿಕ್ಕದು. ಆದರೆ ಅದರ ಚಹಾದಲ್ಲಿ ಬೇರೆಲ್ಲೂ ಸಿಗದ ಪರಿಮಳವಿತ್ತು. ಅದಕ್ಕಾಗಿಯೇ ಒಬ್ಬ ವ್ಯಾಪಾರಿ ಪ್ರತಿ ಚಳಿಗಾಲ ದೂರದ ಪಟ್ಟಣದಿಂದ ಬರುತ್ತಿದ್ದ. ರೈತನ ಊರಿನಲ್ಲಿ ಅವನು ಹತ್ತುತ್ತಿದ್ದದ್ದು ಈ ಒಂದು ಮನೆಯ ಮೆಟ್ಟಿಲು ಮಾತ್ರ. ರೈತನಿಗಿದ್ದ ಹೆಸರೆಲ್ಲ ಅದರಿಂದ ಬಂದದ್ದು.

ಒಂದು ವರ್ಷ ಪಕ್ಕದ ತೋಟದವನು ಬೇಲಿಯಾಚೆಯಿಂದ, "ಏನಯ್ಯಾ, ನಿನ್ನ ಗಿಡಗಳಿಗೆ ಉಪವಾಸ ವ್ರತವೇ?" ಎಂದು ನಕ್ಕ.

ರೈತನಿಗೆ ಅವಮಾನವಾಯಿತು. ಪೈಪು ಎಳೆಸಿದ. ಒಣ ದಿನಗಳಲ್ಲಿ ತುಂತುರು ನೀರು ಬಿಟ್ಟ. ಕೈತುಂಬ ಯೂರಿಯಾ ಚೆಲ್ಲಿದ. ಚಳಿಯಲ್ಲೂ ತೋಟ ಹಸಿರಾಗಿ ನಿಂತಿತು. ಚಿಗುರು ಬರುವ ವೇಗಕ್ಕೆ ಚಿವುಟುವ ಕೈಗಳು ಸಾಲಲಿಲ್ಲ. ಎರಡೆಲೆ ಮತ್ತು ಮೊಗ್ಗನ್ನು ಮಾತ್ರ ತೆಗೆಯುತ್ತಿದ್ದವರು ಬಲಿತ ಎಲೆಯನ್ನೂ ಕತ್ತರಿಯಿಂದ ಕತ್ತರಿಸಿ ಬುಟ್ಟಿಗೆ ತುಂಬಿದರು. ಊರವರು ಬಂದು ನೋಡಿ ಹೊಗಳಿದರು.

ವ್ಯಾಪಾರಿ ಬಂದ. ಬಟ್ಟಲನ್ನು ತುಟಿಗಿಟ್ಟು ಸೊರ್ರೆಂದು ಹೀರಿದ, ಬಾಯೊಳಗೆ ಆಡಿಸಿದ, ಚಹಾ ರುಚಿ ನೋಡುವವರ ರೂಢಿಯಂತೆ ಉಗುಳಿದ.

"ಗೌಡರೇ, ಇದು ಮಳೆಗಾಲದ್ದು. ಚಳಿಗಾಲದ್ದು ತನ್ನಿ."

"ಇದೇ ಚಳಿಗಾಲದ್ದು ಸ್ವಾಮಿ. ಈ ವಾರ ಕಿತ್ತದ್ದು."

ವ್ಯಾಪಾರಿ ಏನೂ ಕೊಳ್ಳದೆ ಹೋದ.

ರೈತನಿಗೆ ಗೊಬ್ಬರದ ಮೇಲೂ ನೀರಿನ ಮೇಲೂ ಸಿಟ್ಟು ಬಂತು. ಪೈಪು ಸುತ್ತಿಟ್ಟ. ಮಳೆಗಾಲದ ಆರಂಭದಲ್ಲಿ ಎಂದಿನಂತೆ ಹಾಕುತ್ತಿದ್ದ ಗೊಬ್ಬರವನ್ನೂ ಹಾಕಲಿಲ್ಲ. ಎಲೆ ಹಳದಿಯಾಯಿತು. ಚಳಿಗಾಲದ ಹೊತ್ತಿಗೆ ಗಿಡಗಳಲ್ಲಿ ಚಿಗುರುವ ಶಕ್ತಿಯೇ ಉಳಿದಿರಲಿಲ್ಲ. ಸಿಕ್ಕಷ್ಟನ್ನು ಕಿತ್ತು ಒಣಗಿಸಿ ಕಾದು ಕುಳಿತ.

ವ್ಯಾಪಾರಿ ಮತ್ತೊಮ್ಮೆ ಬಂದ. ಹೀರಿದ, ಉಗುಳಿದ.

"ಹೋದ ವರ್ಷ ನಿಮ್ಮ ಚಹಾ ಜಂಬ ಕೊಚ್ಚುತ್ತಿತ್ತು. ಈ ವರ್ಷ ಮುನಿಸಿಕೊಂಡು ಕೂತಿದೆ."

ರೈತ ಕೈಮುಗಿದ. "ಕೊಟ್ಟರೂ ಬೇಡ, ಕೊಡದಿದ್ದರೂ ಬೇಡ ಎನ್ನುತ್ತೀರಿ. ಗೊಬ್ಬರ ಎಷ್ಟು, ನೀರು ಎಷ್ಟು, ನೀವೇ ಹೇಳಿಬಿಡಿ. ಹಾಗೆಯೇ ಮಾಡುತ್ತೇನೆ. ಬರುವುದನ್ನು ಮಾತ್ರ ಬಿಡಬೇಡಿ."

ವ್ಯಾಪಾರಿ ಬಟ್ಟಲನ್ನು ಅವನ ಕಡೆಗೆ ಸರಿಸಿದ.

"ನೀವು ಇದನ್ನು ಕುಡಿದು ನೋಡಿದಿರಾ?"

ರೈತ ತಡವರಿಸಿದ. "ಇದು ಮಾರುವ ಚಹಾ, ಸ್ವಾಮಿ. ಮನೆಯಲ್ಲಿ ನಾವು ಕುಡಿಯುವುದು ಜರಡಿಯ ಕೆಳಗೆ ಉಳಿದ ಹುಡಿಯನ್ನು."

"ಮೊದಲಿನದನ್ನು? ಅದಕ್ಕಾಗಿ ನಾನು ಅಷ್ಟು ದೂರದಿಂದ ಬರುತ್ತಿದ್ದೆನಲ್ಲ, ಅದನ್ನು?"

ರೈತ ತಲೆಯಾಡಿಸಿದ. ಇಲ್ಲ.

ವ್ಯಾಪಾರಿ ಎದ್ದು ಚೀಲ ಹೆಗಲಿಗೇರಿಸಿದ. "ಹಾಗಾದರೆ ಏನನ್ನು ಕಳೆದುಕೊಂಡಿರೆಂದು ನಿಮಗೆ ಹೇಗೆ ತಿಳಿಸಲಿ, ಗೌಡರೇ?" ಎಂದು ಇಳಿಜಾರಿನ ದಾರಿ ಹಿಡಿದ. ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮಂದಾಕಿನಿ ಕೈಮುಗಿದಳು. "ಅತಿಯೂ ಕೂಡದು, ಏನೂ ಇಲ್ಲದೆಯೂ ಆಗದು. ಅರ್ಥವಾಯಿತು. ಹಾಗಾದರೆ ದಿನಕ್ಕೆ ಎಷ್ಟು ಪಾಠ ಮಾಡಲಿ? ತಾವೇ ಅಪ್ಪಣೆ ಕೊಡಬೇಕು."

"ನಿನ್ನ ಮಗಳ ಹಾಡನ್ನು ನಾನು ಒಮ್ಮೆಯೂ ಕೇಳಿಲ್ಲ, ತಾಯಿ. ತಿದ್ದದೆ, ಸುಮ್ಮನೆ ಕುಳಿತು, ನೀನು ಕೇಳಿದ್ದೀಯಾ?"