ಒಂದು ಬೆನ್ನು, ಇಬ್ಬರು ವೈದ್ಯರು

"ಗುರುಗಳೇ, ಒಂದೇ ನೋವಿಗೆ ಇಬ್ಬರ ಹತ್ತಿರ ಮದ್ದು ಮಾಡಿಸಿಕೊಳ್ಳುವುದು ತಪ್ಪೇ?" ಎಂದು ಶಿಷ್ಯ ಸಂಗಯ್ಯ ಕೇಳಿದ. ಅವನ ಅರೆತಲೆನೋವಿಗೆ ಮಠದ ಪಂಡಿತರು ಆರು ತಿಂಗಳಿಂದ ಮದ್ದು ಕೊಡುತ್ತಿದ್ದರು. ಬಿಸಿಲು ಸುಡುತ್ತಿದ್ದರೂ ಅವನು ತಲೆ ತುಂಬ ಶಾಲು ಸುತ್ತಿಕೊಂಡಿದ್ದ. ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತು ಕೂತು ಹನ್ನೆರಡು ವರ್ಷದಿಂದ ಅವನಿಗೆ ಬೆನ್ನುನೋವು. ಮಗಳ ಮದುವೆ ನಿಶ್ಚಯವಾಗಿತ್ತು. ಅವಳ ಧಾರೆ ಸೀರೆಯನ್ನು ತಾನೇ ನೇಯಬೇಕೆಂಬುದು ಅವನ ಆಸೆ. ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದ ಬೇರೆ. ಆದರೆ ಗೇಣುದ್ದ ನೇಯುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತಿತ್ತು.

ಊರಿನ ವೈದ್ಯರು ಕಷಾಯ ಕೊಟ್ಟರು, ಎಣ್ಣೆ ತಿಕ್ಕಿಸಿದರು. ನೋವು ಇಳಿಯಿತು, ಹೋಗಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಗಾಬರಿಯಾದ ನೇಕಾರ ಪಕ್ಕದೂರಿನ ಸೂಜಿ ವೈದ್ಯನ ಬಳಿಗೂ ಹೋದ. ಅವನು ಕೂದಲೆಳೆಯಂಥ ಸೂಜಿಗಳನ್ನು ಬೆನ್ನಿಗೂ ಕಾಲಿಗೂ ಚುಚ್ಚಿ, ಅಲುಗದಂತೆ ಮಲಗಿಸಿ ಕೇಳಿದ: "ಬೇರೆ ಮದ್ದು ಏನಾದರೂ ನಡೆದಿದೆಯೇನಪ್ಪ? ನಡೆದಿದ್ದರೆ ಬಿಡಬೇಡ. ನನಗೆ ಗೊತ್ತಿರಲಿ, ಅಷ್ಟೆ."

ನೇಕಾರ ಯೋಚಿಸಿದ. ಇದ್ದದ್ದು ಹೇಳಿದರೆ ಇವನು ಒಳಗೊಳಗೇ ಬೇಸರಪಟ್ಟು ಕೈಬಿಟ್ಟರೆ? ಮಾತು ಊರಿನ ವೈದ್ಯರ ಕಿವಿಗೆ ಬಿದ್ದು ಅವರು ಮುನಿದರೆ? "ಇಲ್ಲ ಸ್ವಾಮಿ, ನಿಮ್ಮನ್ನೇ ನಂಬಿಕೊಂಡು ಬಂದಿದ್ದೇನೆ" ಎಂದುಬಿಟ್ಟ. ಮಾರನೆಯ ದಿನ ಊರಿನ ವೈದ್ಯರ ಮುಂದೆಯೂ ಅದೇ ಮಾತು. ಇದ್ದ ಒಂದು ನಂಬಿಕೆಯನ್ನು ಇಬ್ಬರಿಗೂ ಇಡಿಯಾಗಿಯೇ ಕೊಟ್ಟಿದ್ದ ಪುಣ್ಯಾತ್ಮ!

ಎರಡೂ ಕೂಡಿ ಕೆಲಸ ಮಾಡಿದವು. ಬೆನ್ನು ಸಡಿಲವಾಯಿತು, ಸೀರೆ ಅರ್ಧ ದಾಟಿತು. ಎಲ್ಲ ತಮ್ಮ ಕಷಾಯದ ಗುಣವೆಂದು ತಿಳಿದ ವೈದ್ಯರು, "ಇನ್ನು ಮದ್ದು ಸಾಕು" ಎಂದರು. ಅದೇ ವಾರ ಸೂಜಿ ವೈದ್ಯನೂ ಎಲ್ಲ ತನ್ನ ಸೂಜಿಯ ಗುಣವೆಂದು ತಿಳಿದು, "ಇನ್ನು ತಿಂಗಳಿಗೊಮ್ಮೆ ಬಂದರಾಯಿತು" ಎಂದ. ಎರಡೂ ಒಟ್ಟಿಗೆ ನಿಂತರೆ ಗತಿಯೇನೆಂದು ನೇಕಾರನಿಗೆ ದಿಗಿಲಾಯಿತು. ಆದರೆ ಕೇಳುವುದು ಯಾವ ಬಾಯಿಂದ? ತಲೆಯಾಡಿಸಿ ಮನೆಗೆ ಬಂದ.

ಹತ್ತೇ ದಿನಕ್ಕೆ ಬೆನ್ನು ಮತ್ತೆ ಹಿಡಿಯಿತು. ಕುಣಿಗೆ ಕಾಲು ಇಳಿಸಲೂ ಆಗಲಿಲ್ಲ. ವೈದ್ಯರ ಬಾಗಿಲವರೆಗೆ ಹೋದ, ಮುಖ ತೋರಿಸಲು ಧೈರ್ಯ ಸಾಲದೆ ತಿರುಗಿ ಬಂದ. ಸೂಜಿ ವೈದ್ಯನ ಬಾಗಿಲವರೆಗೆ ಹೋದ, ಅಲ್ಲಿಂದಲೂ ತಿರುಗಿ ಬಂದ. ಮಗಳು ಧಾರೆಗೆ ಅಂಗಡಿಯ ಸೀರೆ ಉಟ್ಟಳು. ಅಪ್ಪ ನೇಯ್ದಷ್ಟು ಮಗ್ಗದ ಮೇಲೇ ಉಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ. "ಅಷ್ಟಕ್ಕೆ ಅಂಜುವುದೇ, ಗುರುಗಳೇ? ಇಬ್ಬರಿಗೂ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ!"

ಗುರುಗಳು ಅವನನ್ನೇ ನೋಡಿ ಅಂದರು: "ಹಾಗಾದರೆ ಆ ಶಾಲು ತೆಗೆ ಸಂಗಯ್ಯ, ತಲೆನೋವಿಗೆಂದು ನೀನು ಕಿವಿಯಲ್ಲಿ ಚುಚ್ಚಿಸಿಕೊಂಡಿರುವ ಸೂಜಿಯನ್ನು ನಮ್ಮ ಪಂಡಿತರೂ ಒಮ್ಮೆ ನೋಡಲಿ."