ಹವಳದ ತೊಟ್ಟಿಯ ನೀರು

"ಗುರುಗಳೇ, ಮನಸ್ಸು ತಿಳಿಯಾದ ಮೇಲೂ ಸೋಮವಾರ ಬರಲೇಬೇಕೇ?"

ಹೀಗೆ ಕೇಳಿದವನು ಮೃತ್ಯುಂಜಯ. ಅವನಿದ್ದ ಆಶ್ರಮದಲ್ಲಿ ಒಂದು ರೂಢಿಯಿತ್ತು. ಪ್ರತಿ ಸೋಮವಾರ ಒಬ್ಬೊಬ್ಬ ಶಿಷ್ಯನೂ ಗುರುವಿನ ಎದುರು ಕುಳಿತು, ಆ ವಾರ ತನ್ನಿಂದಾದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಗುರು ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ. ಬೈಯುತ್ತಿರಲಿಲ್ಲ, ಬುದ್ಧಿಯನ್ನೂ ಹೇಳುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬ ಶಿಷ್ಯನಿಗೆ ಮಾತ್ರ ಸೋಮವಾರದಿಂದ ವಿನಾಯಿತಿ ಸಿಕ್ಕಿತ್ತು. ಅವನೀಗ ನದಿಯಾಚೆಯ ಶಾಖೆಯಲ್ಲಿ ಪಾಠ ಹೇಳುತ್ತಿದ್ದ. ಆ ಶಾಖೆಗೆ ಇನ್ನೊಬ್ಬ ಅಧ್ಯಾಪಕ ಬೇಕಾಗಿದ್ದಾನೆಂಬ ಸುದ್ದಿ ಆ ವಾರವಷ್ಟೇ ಬಂದಿತ್ತು.

ಮೃತ್ಯುಂಜಯ ಆ ಸುದ್ದಿ ಎತ್ತಲಿಲ್ಲ. ಒಂದು ಪುಸ್ತಕವನ್ನು ಗುರುವಿನ ಮುಂದಿಟ್ಟ. ಪ್ರತಿ ಪುಟದಲ್ಲೂ ಗೆರೆ ಎಳೆದು ಐದು ಅಂಕಣ ಮಾಡಿದ್ದ. ಸಿಟ್ಟು, ಸುಳ್ಳು, ಹೊಟ್ಟೆಕಿಚ್ಚು, ಸೋಮಾರಿತನ, ನಾಲಿಗೆಯ ಚಪಲ. ತಪ್ಪಿದ ದಿನ ಆಯಾ ಅಂಕಣದಲ್ಲಿ ಒಂದು ಚುಕ್ಕೆ. ಮೊದಲ ಪುಟಗಳು ಚುಕ್ಕೆಗಳಿಂದ ಕಪ್ಪಾಗಿದ್ದವು. ಬರಬರುತ್ತ ಚುಕ್ಕೆ ಕಡಿಮೆಯಾಗಿ, ಕಳೆದ ನಾಲ್ಕು ತಿಂಗಳ ಪುಟಗಳು ಬೆಳ್ಳಗೇ ಇದ್ದವು.

"ದಿನವೂ ನನ್ನನ್ನು ನಾನೇ ಅಳೆದುಕೊಳ್ಳುತ್ತೇನೆ. ನಾಲ್ಕು ತಿಂಗಳಿಂದ ಪ್ರತಿ ಸೋಮವಾರ ಹೇಳಲು ಏನೂ ಸಿಗದೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದೇನೆ. ನಿಮ್ಮ ಹೊತ್ತೂ ಹಾಳು."

ಗುರು ಒಂದು ಹಾಳೆಯನ್ನೂ ಬಿಡದೆ ತಿರುವಿದರು. "ಚೆನ್ನಾಗಿದೆ ಮಗು. ಇಷ್ಟು ಶಿಸ್ತು ನನ್ನ ಕೈಲಿ ಎಂದೂ ಆಗಲಿಲ್ಲ" ಅಂದರು. ಅದು ಬಾಯಿಮಾತಲ್ಲ ಎಂದು ಮೃತ್ಯುಂಜಯನಿಗೆ ಗೊತ್ತಾಯಿತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಗುರು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕತೆ ಶುರುಮಾಡಿದರು.

ಘಟ್ಟದ ಮೇಲಿನ ಒಂದು ಊರಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಸಮುದ್ರದ ಹುಚ್ಚು. ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಮಾಡಿಸಿ ಹವಳ ಸಾಕಿದ. ಬಂದವರು ಅದನ್ನು ಕಲ್ಲು ಅನ್ನುತ್ತಿದ್ದರು. ಹವಳ ಕಲ್ಲಲ್ಲ, ಜೀವ. ನೂರಾರು ಸಣ್ಣ ಬಾಯಿ ತೆರೆದು ಉಣ್ಣುತ್ತದೆ. ನೀರಿನಲ್ಲಿರುವ ಸುಣ್ಣವನ್ನು ಎಳೆದುಕೊಂಡು ಮೈ ಕಟ್ಟುತ್ತದೆ.

ಒಬ್ಬ ಮೀನುಗಾರ ಹೆಂಗಸು ಪ್ರತಿ ಶುಕ್ರವಾರ ಮೀನಿನ ಲಾರಿಯಲ್ಲಿ ಆ ಊರಿನ ಸಂತೆಗೆ ಬರುತ್ತಿದ್ದಳು. ಬರುವಾಗ ಹತ್ತು ಕ್ಯಾನು ಸಮುದ್ರದ ನೀರು ತರುತ್ತಿದ್ದಳು. ತೊಟ್ಟಿಯಿಂದ ಹತ್ತು ಕ್ಯಾನು ತೆಗೆದು ಚೆಲ್ಲಿ, ತಂದದ್ದನ್ನು ತುಂಬುತ್ತಿದ್ದಳು. ಹೀಗೆ ಆರು ವರ್ಷ.

ಒಂದು ಶುಕ್ರವಾರ ಅಲ್ಲಿಗೆ ಒಬ್ಬ ಮೇಷ್ಟ್ರು ಬಂದರು. ರಸಾಯನಶಾಸ್ತ್ರ ಕಲಿಸುವವರು.

"ಇಷ್ಟು ತಿಳಿಯಾದ ನೀರನ್ನು ಯಾಕಮ್ಮ ಚೆಲ್ಲುತ್ತೀಯ?"

"ಸಮುದ್ರವೇ ದಿನಾ ಎರಡು ಸಲ ಹೋಗಿ ಬರುತ್ತದೆ ಮೇಷ್ಟ್ರೇ. ಇದು ಪಾಪ, ಕೂತಲ್ಲೇ ಕೂತಿರುತ್ತದೆ."

ಮೇಷ್ಟ್ರು ನಗಲಿಲ್ಲ. ಒಂದು ತಿಂಗಳು ಆ ನೀರಿನ ಹಿಂದೆ ಬಿದ್ದರು. ಐದು ಗಾಜಿನ ನಳಿಕೆಗಳಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ, ಉಪ್ಪೆಷ್ಟು, ಸುಣ್ಣವೆಷ್ಟು, ಕೊಳೆಯೆಷ್ಟು ಎಂದು ಬರೆದುಕೊಂಡರು. ಕೊಳೆಯನ್ನು ತಿನ್ನಲು ತೊಟ್ಟಿಯ ಪಕ್ಕದಲ್ಲಿ ಕಡಲ ಪಾಚಿ ಬೆಳೆಸಿದರು. ಕಡಿಮೆಯಾದದ್ದನ್ನು ಚಮಚದಲ್ಲಿ ಅಳೆದು ಹಾಕಿದರು. ಆಮೇಲೆ, ಇನ್ನು ನೀರು ಬದಲಿಸುವುದು ಬೇಡ ಅಂದರು.

ವ್ಯಾಪಾರಿ ಆಕೆಗೆ ಹೇಳಿದ, "ನಿನ್ನ ಸೊಂಟಕ್ಕೆ ಇವತ್ತಿನಿಂದ ರಜಾ."

"ಸದ್ಯ. ಆರು ವರ್ಷದಿಂದ ಅದು ಅರ್ಜಿ ಹಾಕುತ್ತಲೇ ಇತ್ತು" ಅಂದಳು ಆಕೆ.

ಹನ್ನೊಂದು ತಿಂಗಳು ಒಂದು ಕ್ಯಾನು ನೀರೂ ಬದಲಾಗಲಿಲ್ಲ. ಹವಳ ಸೊರಗಲಿಲ್ಲ, ಬದಲಿಗೆ ಬೆರಳುದ್ದ ಹೊಸ ಕವಲು ಒಡೆಯಿತು. ಆಕೆ ಮಾತ್ರ ಶುಕ್ರವಾರ ಸಂತೆ ಮುಗಿಸಿ ಬಂದು, ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. "ನನ್ನ ನೀರಲ್ಲಿ ಇದು ಇಷ್ಟು ಚೆನ್ನಾಗಿ ಬೆಳೆದಿರಲಿಲ್ಲ" ಎಂದು ಎಲ್ಲರ ಎದುರೇ ಹೇಳಿದಳು.

ಹನ್ನೆರಡನೆಯ ತಿಂಗಳ ಒಂದು ಶುಕ್ರವಾರ ಆಕೆ ಎಂದಿನಂತೆ ಎದ್ದು ಹೋಗಲಿಲ್ಲ.

"ಎಡಮೂಲೆಯ ಹವಳ ಬಾಯಿ ಪೂರ್ತಿ ತೆರೆದಿಲ್ಲ. ಶಂಖದ ಹುಳುಗಳೆಲ್ಲ ಗಾಜು ಹತ್ತಿ ನೀರಿನಿಂದ ಮೇಲೆ ಬಂದಿವೆ. ಏನೋ ಸೇರಿದೆ ಮೇಷ್ಟ್ರೇ."

ಮೇಷ್ಟ್ರು ಐದು ನಳಿಕೆಗಳಲ್ಲೂ ನೀರು ಹಿಡಿದರು. ಐದೂ ಸರಿಯಾಗಿದ್ದವು. ವ್ಯಾಪಾರಿ ನಕ್ಕು, ನೀರು ಹೊರುವ ಕೆಲಸ ಹೋಯಿತೆಂದು ಇವಳಿಗೆ ಹೊಟ್ಟೆಯುರಿ ಅಂದ. ಆಕೆ ಸಿಟ್ಟಾಗಲಿಲ್ಲ. ಮೇಷ್ಟ್ರ ಕಡೆ ತಿರುಗಿ ಕೇಳಿದಳು, "ಏನು ಸೇರಿದೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನೋಡೋಕೆ ನಿಮ್ಮ ಹತ್ತಿರ ಯಾವ ನಳಿಕೆ ಇದೆ?"

ಮೇಷ್ಟ್ರು ನಳಿಕೆಗಳನ್ನು ನೋಡಿದರು. ಹವಳವನ್ನು ನೋಡಿದರು. "ಅದಕ್ಕೆ ನನ್ನ ಹತ್ತಿರ ನಳಿಕೆ ಇಲ್ಲಮ್ಮ" ಅಂದರು. ಹನ್ನೊಂದು ತಿಂಗಳು ಸಾಕಿ ಸಲಹಿದ ನೀರನ್ನು ತಮ್ಮ ಕೈಯಾರೆ ಮೊಗೆದು ಅಂಗಳಕ್ಕೆ ಚೆಲ್ಲತೊಡಗಿದರು. ಅವತ್ತೇ ಆಕೆಯ ಜೊತೆ ಖಾಲಿ ಲಾರಿ ಹತ್ತಿ, ಘಟ್ಟ ಇಳಿದು, ಸೊಂಟದುದ್ದ ನೀರಿನಲ್ಲಿ ನಿಂತು ಕ್ಯಾನು ತುಂಬಿದರು. ಮೂರು ದಿನ ಅದೇ ಕೆಲಸ. ಎಡಮೂಲೆಯ ಹವಳ ಅರ್ಧ ಸತ್ತಿತು. ಉಳಿದವು ನಾಲ್ಕನೆಯ ದಿನ ಬಾಯಿ ತೆರೆದವು.

ಕಾರಣ ಆಮೇಲೆ ಸಿಕ್ಕಿತು. ವ್ಯಾಪಾರಿ ಅಕ್ಕರೆಯಿಂದ ತೊಟ್ಟಿಗೊಂದು ಹೊಸ ಮುಚ್ಚಳ ಮಾಡಿಸಿದ್ದ. ಅದರ ಹಿತ್ತಾಳೆಯ ಕೀಲುಗಳಿಗೆ ಉಪ್ಪುನೀರು ಸಿಡಿದು, ಕಿಲುಬು ಕರಗಿ, ಹನಿಹನಿಯಾಗಿ ನೀರಿಗೆ ಬೀಳುತ್ತಿತ್ತು. ತೊಟ್ಟಿಯ ಅಂದಕ್ಕೆಂದು ಹಾಕಿಸಿದ್ದೇ ವಿಷವಾಗಿತ್ತು.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಕತೆ ಯಾವ ಕಡೆ ವಾಲಿತೆಂದು ಮೃತ್ಯುಂಜಯನಿಗೆ ತಿಳಿಯಲಿಲ್ಲ.

"ಹಾಗಾದರೆ ಮತ್ತೆ ವಾರ ವಾರ ನೀರು ಬದಲಿಸತೊಡಗಿದರೇ?"

"ಇಲ್ಲ. ಎಷ್ಟೋ ಸಲ ಎರಡು ಮೂರು ತಿಂಗಳು ಹಾಗೇ ಬಿಟ್ಟದ್ದುಂಟು. ಒಮ್ಮೆ ಒಂದೇ ವಾರದಲ್ಲಿ ಎರಡು ಸಲ ಬದಲಿಸಿದರಂತೆ. ಮೇಷ್ಟ್ರು ನಳಿಕೆ ಬಿಡಲಿಲ್ಲ. ಆದರೆ ಶುಕ್ರವಾರ ಆಕೆ ಬಂದು ಕೂತು ನೋಡುವವರೆಗೆ ಪುಸ್ತಕದಲ್ಲಿ ಏನೂ ಬರೆಯುತ್ತಿರಲಿಲ್ಲ."

ಮೃತ್ಯುಂಜಯನ ಮುಖ ಅರಳಿತು. ಅಂದರೆ ಪ್ರತಿ ವಾರ ಬರಲೇಬೇಕೆಂದಿಲ್ಲ. ಬೇಕೆನಿಸಿದಾಗ ಬಂದರಾಯಿತು. ವಿನಾಯಿತಿ ಸಿಕ್ಕಂತೆಯೇ. ಅವನು ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದ.

ಗುರು ಪುಸ್ತಕ ಕೊಟ್ಟರು. ಕೊಡುವಾಗ ಕೊನೆಯ ಬಿಳಿ ಪುಟವನ್ನು ತೆರೆದೇ ಕೊಟ್ಟರು. ಅವರ ದನಿಯಲ್ಲಿ ಮೊದಲಿನ ಮೆಚ್ಚುಗೆ ಹಾಗೇ ಇತ್ತು.

"ನದಿಯಾಚೆಯ ಸುದ್ದಿ ಕೇಳಿದ ದಿನ, ಚುಕ್ಕೆಯನ್ನು ಯಾವ ಅಂಕಣದಲ್ಲಿ ಇಟ್ಟೆ ಮಗು?"

ಮೃತ್ಯುಂಜಯ ಐದು ಅಂಕಣಗಳ ಮೇಲೂ ಬೆರಳಾಡಿಸಿದ; ಆ ದಿನ ಮನಸ್ಸಿನಲ್ಲಿ ಎದ್ದ ಆಸೆಗೆ ಅಲ್ಲಿ ಅಂಕಣವೇ ಇರಲಿಲ್ಲ.